ಮಗ್ಗದ ಮೇಲೆ ಹೊರಿಸಿದ ಬೆನ್ನು

ನಮ್ಮ ಅಪ್ಪನ ಬೆನ್ನನ್ನು ಮಗ್ಗ ಬಗ್ಗಿಸಿತು ಎಂಬ ಮಾತನ್ನು ಬೆಟಗೇರಿಯ ನಮ್ಮ ಓಣಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ನೆನಪಿಲ್ಲ. ಮೂವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನ ಬೆನ್ನು ಮತ್ತೇನಾಗಬೇಕು ಅನ್ನುತ್ತಾರೆ. ಅನ್ನುವವರ ದನಿಯಲ್ಲಿ ಮರುಕಕ್ಕಿಂತ ಹೆಮ್ಮೆ ಹೆಚ್ಚು. ನಸುಕಿನಲ್ಲಿ ಓಣಿಯ ಕೋಳಿ ಕೂಗುವ ಮೊದಲೇ ನಮ್ಮ ಮನೆಯ ಮಗ್ಗದ ಸಪ್ಪಳ ಶುರುವಾಗುತ್ತಿತ್ತಂತೆ. ಅಂಥ ಕಾಯಕ ಈಗಿನವರಿಗೆ ಎಲ್ಲಿ ಬರಬೇಕು, ಎಂದು ಮಾತು ಮುಗಿಸುತ್ತಾರೆ.

ಈ ಬೆನ್ನನ್ನು ನಾನೂ ಒಮ್ಮೆ ಬಳಸಿಕೊಂಡಿದ್ದೇನೆ. ಡಿಗ್ರಿಯಲ್ಲಿದ್ದಾಗ ಚರ್ಚಾಸ್ಪರ್ಧೆ. ವಿಷಯ, ಕೈಮಗ್ಗ ಉಳಿಯಬೇಕೇ ಬೇಡವೇ. ನನ್ನದು ಬೇಡ ಎನ್ನುವ ಪಕ್ಷ. "ಕೈಮಗ್ಗದ ಸೊಬಗನ್ನು ಹೊಗಳುವ ಮೊದಲು ನಮ್ಮ ಮನೆಗೆ ಬಂದು ನಮ್ಮ ಅಪ್ಪನ ಬೆನ್ನು ನೋಡಿ" ಎಂದೆ. ಸಭಾಂಗಣದ ತುಂಬ ಚಪ್ಪಾಳೆ. ಮೊದಲ ಬಹುಮಾನದ ಬಟ್ಟಲು ಈಗಲೂ ನಮ್ಮ ಟಿವಿಯ ಮೇಲಿದೆ.

ಆ ವಾದ ತಪ್ಪಾಗಿತ್ತು. ಅದನ್ನು ತಿಳಿಯಲು ನನ್ನದೇ ಬೆನ್ನು ಬೇಕಾಯಿತು.

ನಾನು ಮಗ್ಗಕ್ಕೆ ಕೂತವಳಲ್ಲ. ಚಿಕ್ಕವಳಿದ್ದಾಗ ಅವ್ವನ ಪಕ್ಕದಲ್ಲಿ ರಾಟೆ ತಿರುಗಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತಿದ್ದೇನೆ, ಅಷ್ಟೇ. ಆಮೇಲೆ ಓದು, ಭಾಷಣ, ಬಸ್ಸು. ಎರಡು ವರ್ಷದ ಹಿಂದೆ, ನಾಗಾವಿಯ ಕ್ಯಾಂಪಸ್ಸಿನಲ್ಲಿ ಎಂ.ಎ. ಓದುತ್ತಿದ್ದಾಗ, ಒಂದು ಮುಂಜಾನೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಸೊಂಟದ ಕೆಳಗೆ, ಕುಂಡೆಯ ಎರಡೂ ಬದಿ, ಒಳಗೆಲ್ಲೋ ನೋವು. ನೋವಿಗಿಂತ ಬಿಗಿತ ಹೆಚ್ಚು. ಗಂಜಿ ಹಾಕಿ ಒಣಗಿಸಿದ ನೂಲಿನ ಹಾಗೆ ಬೆನ್ನು ಸೆಟೆದುಕೊಂಡಿತ್ತು. ಮಗ್ಗುಲಾಗಿ ಹೊರಳಿದೆ. ಗೋಡೆ ಹಿಡಿದೆ. ಮೊಣಕಾಲೂರಿದೆ. ಎದ್ದೆ.

ಅಪ್ಪ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಚಹಾದ ಕಪ್ಪು-ಬಸಿ. ಅವನ ಕುತ್ತಿಗೆ ತಿರುಗುವುದಿಲ್ಲ. ಯಾರನ್ನಾದರೂ ನೋಡಬೇಕಾದರೆ ಇಡೀ ಮೈಯನ್ನೇ ಆ ಕಡೆ ತಿರುಗಿಸಬೇಕು. ಅವತ್ತು ಹಾಗೆ ಪೂರ್ತಿ ತಿರುಗಿ ನನ್ನನ್ನೇ ನೋಡುತ್ತಿದ್ದ. ಬಸಿಯಲ್ಲಿ ಚಹಾ ಹಾಗೇ ಇತ್ತು.

"ಸ್ವಲ್ಪ ಅಡ್ಡಾಡು. ಹೋಗ್ತೈತಿ" ಎಂದ. ಮಗ್ಗದ ಕೋಣೆಗೆ ಹೋದ.

ಖರೆ, ಹೋಯಿತು. ಬಸ್ಸು ನಾಗಾವಿ ಮುಟ್ಟುವ ಹೊತ್ತಿಗೆ ಬೆನ್ನು ನನ್ನದಾಗಿತ್ತು. ಬಸ್ಸು ಹತ್ತಿದರೆ ಹೋಗುವ ನೋವು ನೋವೇ ಅಲ್ಲ ಎಂದು ತೀರ್ಮಾನ ಮಾಡಿದೆ. ಮರುದಿನ ಮತ್ತೆ ಬಂತು. ಅದರ ಮರುದಿನವೂ. ಮೂರು ತಿಂಗಳು ಹೀಗೇ. ನಸುಕಿನಲ್ಲಿ ನೋವಿಗೆ ಎಚ್ಚರಾಗುತ್ತಿತ್ತು, ಮಲಗಿದಷ್ಟೂ ಹೆಚ್ಚಾಗುತ್ತಿತ್ತು. ಎದ್ದು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ.

ಅವ್ವನ ಹತ್ತಿರ ಕಾರಣ ತಯಾರಿತ್ತು. "ಕುತ್ತಿಗಿ ಡೊಂಕ ಮಾಡ್ಕೊಂಡು ಮೊಬೈಲ್ ನೋಡ್ತಿ. ಸ್ವಾಂಟ ನೆಟ್ಟಗ ಇರ್ತೈತೇನು?"

"ಮೊಬೈಲ್ ನೋಡೂದು ಕಣ್ಣಿಲೆ, ಬ್ಯಾನಿ ಆಗೂದು ಕುಂಡ್ಯಾಗ. ನಡುವಿನ ದಾರಿ ತೋರಿಸು."

"ಇದನ್ನ ಕಲಿಸ್ಯಾರ ನೋಡು ಸಾಲ್ಯಾಗ. ದೊಡ್ಡವರಿಗೆ ತಿರುಗಿ ಮಾತಾಡೂದು."

ಗದಗಿನಲ್ಲಿ ಎಲುಬಿನ ಡಾಕ್ಟರರೊಬ್ಬರಿಗೆ ತೋರಿಸಿದೆವು. ಎಕ್ಸ್‌ರೇ ತೆಗೆಸಿದರು, ಬೆಳಕಿಗೆ ಹಿಡಿದು ನೋಡಿದರು. "ಏನೂ ಇಲ್ಲ. ನಾರ್ಮಲ್ ಐತಿ. ರೆಸ್ಟ್ ತಗೋ, ಬೆಲ್ಟ್ ಕಟ್ಕೋ" ಎಂದರು.

"ರೆಸ್ಟ್ ತಗೊಂಡ್ರ ಹೆಚ್ಚಾಗ್ತೈತ್ರಿ. ಓಡ್ಯಾಡಿದ್ರ ಕಡಿಮಿ ಆಗ್ತೈತಿ" ಎಂದೆ.

"ಈ ವಯಸ್ಸಿನ್ಯಾಗ ಹುಡುಗ್ಯಾರಿಗೆ ಟೆನ್ಶನ್ ಇರ್ತಾವ" ಎಂದರು. ನನ್ನ ಮಾತು ಅವರ ಪ್ರಶ್ನೆಯ ಪಟ್ಟಿಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಊದಿಕೊಂಡದ್ದು ಇಳಿಯುವ ಗುಳಿಗೆ ಬರೆದರು. ಮೂರು ವಾರ ನುಂಗಿದೆ. ಪೂರ್ತಿ ಆರಾಮಾಯಿತು. ಆಗ ನಾನು ನನ್ನದೇ ವಿರುದ್ಧ ಒಂದು ಚರ್ಚೆ ಗೆದ್ದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಈಗ ನೋವೂ ಇಲ್ಲ, ಹಾಗಾದರೆ ರೋಗವೂ ಇಲ್ಲ. ಗುಳಿಗೆ ಬಿಟ್ಟೆ. ಹದಿನೈದು ದಿನಕ್ಕೆ ನೋವು ತಿರುಗಿ ಬಂತು. ಗುಳಿಗೆಗೆ ಆರಾಮಾದದ್ದೇ ಒಂದು ಸಾಕ್ಷಿ, ಆ ಸಾಕ್ಷಿಯನ್ನು ನಾನೇ ಕಸದ ಬುಟ್ಟಿಗೆ ಹಾಕಿದ್ದೆ. ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಗಿ ಆಗ ಯಾರಿಗೂ ಹೇಳಲಿಲ್ಲ.

ಅವ್ವ ಹೇಳಿಸಿಕೊಳ್ಳದೆಯೇ ಕಂಡುಹಿಡಿದಳು. ಲಕ್ಷ್ಮೇಶ್ವರದಲ್ಲಿ ಎಣ್ಣೆ ತಿಕ್ಕುವ ಅಜ್ಜನೊಬ್ಬನಿದ್ದಾನೆ, ಉಳುಕು, ಮುರಿದ ಕೈ ಎಲ್ಲ ನೋಡುತ್ತಾನೆ. ಐದು ರವಿವಾರ ಅವ್ವ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಚಾಪೆಯ ಮೇಲೆ ಬೋರಲು ಮಲಗಿಸಿ, ಅಜ್ಜ ಹೆಬ್ಬೆರಳಿನಿಂದ ಬೆನ್ನೆಲುಬಿನ ಉದ್ದಕ್ಕೂ ಒತ್ತಿದ.

"ಮಗ್ಗದ ಮನಿ ಅಲ್ಲೇನವಾ? ಮಗ್ಗದ ಬೆನ್ನು ಇದು. ಕೈಗೆ ಗೊತ್ತಾಗ್ತೈತಿ."

"ನಾ ಒಂದ ದಿನಾನೂ ಮಗ್ಗಕ್ಕ ಕುಂತಿಲ್ಲ ಅಜ್ಜಾ."

"ನಿಮ್ಮಪ್ಪ ಕುಂತಾನಲ್ಲ?"

ಚಾಪೆಯಲ್ಲಿ ಮುಖ ಹುದುಗಿಸಿ ನಕ್ಕೆ. ಅಪ್ಪ ಮಗ್ಗಕ್ಕೆ ಕೂತರೆ ಮಗಳ ಬೆನ್ನು ನೋಯುತ್ತದೆಯೇ? ಕ್ಯಾಂಪಸ್ಸಿಗೆ ಹೋಗಿ ಗೆಳತಿಯರಿಗೆ ಈ ತರ್ಕವನ್ನು ಅಭಿನಯಿಸಿ ತೋರಿಸಿದೆ, ಎಲ್ಲರೂ ನಕ್ಕರು. ಈಗ ಹಿಂತಿರುಗಿ ನೋಡಿದರೆ, ನನ್ನನ್ನು ಮುಟ್ಟಿ ನೋಡಿದ ಎಲ್ಲರಿಗಿಂತ ಮೊದಲು ನಿಜದ ಹತ್ತಿರ ಬಂದವನು ಆ ಅಜ್ಜ. ಕಾರಣ ತಪ್ಪು ಹೇಳಿದ, ದಿಕ್ಕು ಸರಿ ತೋರಿಸಿದ. ಹಾಗೆಂದು ಅವನಿಗೆ ಅಂಕ ಕೊಡಲಾರೆ. ಅವನೂ ಕೊನೆಗೆ ಹೇಳಿದ್ದು, "ಹೆಚ್ಚು ಅಲುಗಾಡಬ್ಯಾಡವಾ, ಮಕ್ಕೊಂಡಿರು" ಎಂದೇ.

ಮಲಗಿದೆ. ಒಂದು ವಾರ. ಎಂಟನೆಯ ದಿನ ಅವ್ವ ಕಂಕುಳಲ್ಲಿ ಕೈಹಾಕಿ ಎಬ್ಬಿಸಬೇಕಾಯಿತು.

ಆಮೇಲೆ ಕಣ್ಣು.

ಎಡಗಣ್ಣು ಕೆಂಪಾಯಿತು. ಬೆಳಕು ಚುಚ್ಚುತ್ತಿತ್ತು, ಪುಸ್ತಕದ ಅಕ್ಷರ ಮಂಜಾದವು. ಅವ್ವ, "ಕಣ್ಣು ಬಂದಾವ" ಎಂದಳು. ಔಷಧದ ಅಂಗಡಿಯವನು ಕೊಟ್ಟ ಹನಿ ಮೂರು ದಿನ ಹಾಕಿದೆ. ಕಡಿಮೆಯಾಗದಿದ್ದಾಗ ಗದಗಿನ ಕಣ್ಣಿನ ಆಸ್ಪತ್ರೆಗೆ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು. ಯಂತ್ರದ ಆಚೆಯಿಂದ ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣಿಗೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆ ಕೇಳಿದರು.

"ಮುಂಜಾನೆ ಎದ್ದಾಗ ಸೊಂಟ ಹಿಡ್ಕೋತೈತೇನ್ರಿ?"

ನನಗೆ ಮೊದಲು ಬಂದದ್ದು ಅನುಮಾನ. ಅವ್ವ ಮೊದಲೇ ಇವರಿಗೆ ಹೇಳಿದ್ದಾಳೆಯೇ? ಅವ್ವ ಬಂದೇ ಇರಲಿಲ್ಲ.

ಅವರು ಹುಬ್ಬಳ್ಳಿಯ ಸಂಧಿವಾತದ ತಜ್ಞರೊಬ್ಬರಿಗೆ ಚೀಟಿ ಬರೆದುಕೊಟ್ಟರು. ಕಣ್ಣಿನೊಳಗಿನ ಊತವೂ ಬೆನ್ನಿನ ಊತವೂ ಒಂದೇ ಬೇರಿನವು ಇರಬಹುದು, ತಡ ಮಾಡಿದರೆ ಕಣ್ಣಿಗೆ ಅಪಾಯ ಎಂದರು. ಅವ್ವನ ಜೊತೆ ಹುಬ್ಬಳ್ಳಿಗೆ ಹೋದೆ. ನಲವತ್ತರ ಆಸುಪಾಸಿನ ಡಾಕ್ಟರಮ್ಮ. ರಕ್ತ, ಇ.ಎಸ್.ಆರ್., ಸಿ.ಆರ್.ಪಿ., ಎಚ್‌ಎಲ್‌ಎ-ಬಿ27, ಎಂ.ಆರ್.ಐ. ಇಷ್ಟೊಂದು ಪರೀಕ್ಷೆ ಬರೆಯುವವರನ್ನು ಕಂಡರೆ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ, ನಾನೂ ಆ ಓಣಿಯವಳೇ. ಒಂದೊಂದು ಪರೀಕ್ಷೆಗೂ ಯಾಕೆ ಎಂದು ಕೇಳಿದೆ. ಒಂದೊಂದಕ್ಕೂ ಉತ್ತರ ಕೊಟ್ಟರು. ಹೊರಗೆ ಜನ ಕಾಯುತ್ತಿದ್ದರೂ ಕೊಟ್ಟರು. ಅಲ್ಲಿಂದ ನನ್ನ ಅನುಮಾನ ಸ್ವಲ್ಪ ಸಡಿಲಾಯಿತು.

ವರದಿ ಬಂದ ದಿನ ಹೇಳಿದರು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್.

ಹೆಸರು ಬಾಯಲ್ಲಿ ತಿರುಗಲಿಲ್ಲ.

ನಮ್ಮನ್ನು ಕಾಯಬೇಕಾದ ಮೈಯ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಬೆನ್ನುಮೂಳೆ ಸೊಂಟದ ಎಲುಬಿಗೆ ಸೇರುವ ಜಾಗದಲ್ಲಿ ಊತ ಎಬ್ಬಿಸುತ್ತದೆ. ಸವೆತದ ನೋವು ದುಡಿದರೆ ಹೆಚ್ಚಾಗುತ್ತದೆ, ಮಲಗಿದರೆ ಇಳಿಯುತ್ತದೆ. ಇದು ತಿರುಗಾಮುರುಗಾ. ಮಲಗಿದರೆ ಹಿಡಿಯುತ್ತದೆ, ಓಡಾಡಿದರೆ ಬಿಡುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕೆಲವರಲ್ಲಿ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಮುಂದಕ್ಕೆ ಬಾಗಿ ಹಾಗೇ ಉಳಿದುಬಿಡುತ್ತದೆ. ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು. ಹೆಣ್ಣುಮಕ್ಕಳಲ್ಲಿ ಇದನ್ನು ಹುಡುಕುವವರೇ ಕಡಿಮೆ. ಇದಿಷ್ಟನ್ನು ಅವರು ನಿಧಾನವಾಗಿ ಹೇಳಿದರು. ನಾನು ಒಂದೇ ಎಳೆ ಹಿಡಿದುಕೊಂಡೆ, ನನ್ನ ರಕ್ತದಲ್ಲಿ ಸಿಕ್ಕ, ಮನೆತನದಲ್ಲಿ ಇಳಿದು ಬರುವ ಬಿ27 ಎಂಬ ಗುರುತು.

"ಈ ಬಿ27 ಇದ್ದವರಿಗೆಲ್ಲಾ ಈ ರೋಗ ಬರ್ತೈತೇನ್ರಿ?"

"ಇಲ್ಲ. ಭಾಳ ಮಂದಿಗೆ ಬರೂದ ಇಲ್ಲ."

"ಹಂಗಾದ್ರ ಅದು ಪುರಾವೆ ಅಲ್ಲ."

"ಅದೊಂದ ಅಲ್ಲ ಖರೆ" ಎಂದರು ಡಾಕ್ಟರಮ್ಮ, ಸಿಟ್ಟಾಗದೆ. "ನಿನ್ನ ಕಣ್ಣು, ನಿನ್ನ ಮುಂಜಾನಿ, ಎಂ.ಆರ್.ಐ.ದಾಗಿನ ಊತ, ನೀ ಬಿಟ್ಟು ನೋಡಿದ ಗುಳಿಗಿ, ಎಲ್ಲಾ ಒಂದ ಕಡೆ ಕೈ ತೋರಿಸಾಕತ್ತಾವ. ನೀ ಜಡ್ಜ್ ಆಗಿದ್ರ ಏನ್ ಬರೀತಿದ್ದಿ?"

ನಾನು ಬಿ27ರ ವರದಿ ಮಡಚಿಟ್ಟೆ.

ಅವರು ಕಾಗದದ ಮೇಲೆ ಪೆನ್ನು ಇಟ್ಟು ಅವ್ವನ ಕಡೆ ತಿರುಗಿದರು. "ಮನ್ಯಾಗ ಯಾರಿಗರ ಇಂಥಾದ್ದು ಐತೇನ್ರಿ ಅವ್ವಾರ? ಬೆನ್ನು ಬಗ್ಗಿದ್ದು, ಕಣ್ಣು ಮ್ಯಾಲಿಂದ ಮ್ಯಾಲೆ ಕೆಂಪಾಗೂದು?"

"ಯಾರಿಗೂ ಇಲ್ರಿ" ಎಂದಳು ಅವ್ವ.

ನಾನು ಅವ್ವನ ಮುಖ ನೋಡಿದೆ.

ಅದರಲ್ಲಿ ಸುಳ್ಳು ಇರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಕೈಗೆ ಸಿಗುವಷ್ಟು ಹತ್ತಿರ, ಇಪ್ಪತ್ತಾರು ವರ್ಷ, ಅವಳು ಅದೇ ಬೆನ್ನಿಗೆ ಎಣ್ಣೆ ಹಚ್ಚಿದ್ದಾಳೆ. ಅಪ್ಪನ ಎಡಗಣ್ಣಿನ ದೃಷ್ಟಿ ಹೋಗಿ ಹತ್ತು ವರ್ಷವಾಗಿದೆ. ಮಗ್ಗದ ನೂಲಿನ ದೂಳು ಬಿದ್ದು ಬಿದ್ದು ಹೋಯಿತೆಂದು ಅದಕ್ಕೂ ಒಂದು ಕಥೆ ಇದೆ.

"ಅವ್ವಾ. ಅಪ್ಪ?"

"ಅವರದು ಮಗ್ಗದ್ದು. ರೋಗ ಎಲ್ಲೈತಿ?"

ಡಾಕ್ಟರಮ್ಮ ಅಪ್ಪನ ವಯಸ್ಸು ಕೇಳಿದರು. ಕುತ್ತಿಗೆ ತಿರುಗುತ್ತದೆಯೇ ಕೇಳಿದರು. ಕಣ್ಣಿನ ವಿಷಯ ಎರಡು ಸಲ ಕೇಳಿದರು. ಕೊನೆಗೆ, "ಅವರನ್ನ ಒಮ್ಮೆ ಕರ್ಕೊಂಡು ಬರ್ರಿ. ಬೆನ್ನಿಂದು ಆದದ್ದು ಆಗಿರಬಹುದು. ಉಳಿದ ಇನ್ನೊಂದು ಕಣ್ಣು ಉಳಿಸ್ಕೋಬೇಕಲ್ಲ?" ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಅವ್ವ ನನ್ನ ಜೊತೆ ಜಗಳ ತೆಗೆದಳು. "ಬೆನ್ನು ನೋಯದ ನೇಕಾರನ್ನ ಒಬ್ಬನ್ನ ತೋರಿಸು ನನಗ" ಎಂದಳು.

"ನೋಯೂದು ಬ್ಯಾರೆ, ಬೆಸ್ಕೊಳ್ಳೂದು ಬ್ಯಾರೆ. ಎದುರು ಮನಿ ದೊಡ್ಡಪ್ಪ ಅಪ್ಪಗಿಂತ ಹತ್ತು ವರ್ಷ ಹೆಚ್ಚಿಗಿ ಮಗ್ಗಕ್ಕ ಕುಂತಾನ. ಕಂಬ ಇದ್ದಂಗ ನಿಂದರ್ತಾನಲ್ಲ, ಯಾಕ?"

ಅವ್ವ ಕಿಟಕಿಯ ಕಡೆ ತಿರುಗಿದಳು. ಅಣ್ಣಿಗೇರಿ ದಾಟಿದ ಮೇಲೆ ಹೊರಗೆ ನೋಡುತ್ತಲೇ, "ನಾ ಮದುವಿ ಆಗಿ ಬಂದಾಗನ ಸ್ವಲ್ಪ ಬಗ್ಗಿದ್ರು" ಎಂದಳು. "ಮಗ್ಗದಿಂದ ಅಂದ್ರು. ನಂಬಿದೆ."

ಮರುದಿನ ಅಪ್ಪ ಸೀರೆ ಕೊಡಲು ಗದಗಿನ ಪ್ಯಾಟಿಗೆ ಹೋದಾಗ ನಾನು ಮಗ್ಗದ ಕೋಣೆಗೆ ಹೋದೆ. ಆರೋಪಿಯ ಮಾತನ್ನೂ ಕೇಳಬೇಕು ಎಂದು ಚರ್ಚೆಯಲ್ಲಿ ಕಲಿಸುತ್ತಾರೆ. ಮೂವತ್ತು ವರ್ಷ ಆರೋಪ ಹೊತ್ತ ಮಗ್ಗವನ್ನು ಯಾರೂ ವಿಚಾರಣೆ ಮಾಡಿರಲಿಲ್ಲ.

ಮಗ್ಗದ ಕುಣಿಗೆ ಇಳಿದೆ. ಅಪ್ಪ ಕೂರುವ ಹಲಗೆ ಒಂದಲ್ಲ, ಒಂದರ ಮೇಲೊಂದು ನಾಲ್ಕು. ಕೆಳಗಿನದು ಕಪ್ಪಾದ ಹಳೆಯ ತೇಗ, ಅದರ ಮೇಲೆ ಬೇವು, ಅದರ ಮೇಲೆ ಯಾವುದೋ ಪೆಟ್ಟಿಗೆಯ ಮರ, ಎಲ್ಲಕ್ಕೂ ಮೇಲೆ ಹೊಸ ಪ್ಲೈವುಡ್. ಬಗ್ಗಿ ತಗ್ಗಾದ ಮೈಗೆ ಕೂರುವ ಜಾಗ ಏರಿದಂತೆ ಕಾಲಿಗೆ ತುಳಿಮಣೆ ಎಟುಕಬೇಕಲ್ಲ, ಅದಕ್ಕೆ ತುಳಿಮಣೆಯ ಕೆಳಗೆ ಇಟ್ಟಿಗೆ ಇಟ್ಟು ಅದನ್ನೂ ಏರಿಸಿದ್ದಾರೆ. ಮೇಲಿನಿಂದ ಇಳಿಬಿದ್ದ ಲಾಳಿ ಎಳೆಯುವ ಹಗ್ಗಕ್ಕೆ ಮೂರು ಕಡೆ ಗಂಟು. ಅವನ ಕೈ, ಮುಖ ಮೇಲೇಳುವುದು ಕಡಿಮೆಯಾದಂತೆ ಹಗ್ಗಕ್ಕೆ ತುಂಡು ಸೇರಿಸಿ ಕೆಳಗೆ ಇಳಿಸುತ್ತ ಬಂದಿದ್ದಾರೆ. ಅಪ್ಪ ಕೂರುವಲ್ಲಿ ಕೂತೆ. ನನಗೆ ಅದು ಏರುಪೇರು. ಹಲಗೆ ಎತ್ತರ, ಹಗ್ಗ ತಗ್ಗು. ಬಗ್ಗಿದವನಿಗೆ ಮಾತ್ರ ಹೊಂದುವ ಮಗ್ಗ.

ಮಗ್ಗ ಅಪ್ಪನನ್ನು ಬಗ್ಗಿಸಿರಲಿಲ್ಲ. ಅಪ್ಪ ಬಗ್ಗಿದ ಹಾಗೆಲ್ಲ ಮಗ್ಗ ಅವನ ಹಿಂದೆ ಹೋಗಿತ್ತು.

"ಕುಣ್ಯಾಗ ಇಳದು ಏನ್ ಹುಡುಕಾಕತ್ತಿ?" ಅವ್ವ ಬಾಗಿಲಿಂದ ಕೇಳಿದಳು.

"ಈ ಮೊದಲನೇ ಹಲಗಿ ಯಾವಾಗ ಏರಿಸಿದ್ದು?"

"ನಾ ಬರೂದಕ್ಕಿಂತ ಮೊದಲ. ಹುಸೇನಿ ಕಾಕಾಗ ಕೇಳು."

ಹುಸೇನಿ ಕಾಕಾ ನಮ್ಮ ಓಣಿಯ ತುದಿಯಲ್ಲಿರುವ ಬಡಿಗ. ಬೆಟಗೇರಿಯ ಅರ್ಧ ಮಗ್ಗಗಳ ಮರಗೆಲಸ ಅವನದು. ಅಪ್ಪನ ವಾರಿಗೆಯವನು, ಇಬ್ಬರೂ ಒಂದೇ ಶಾಲೆ. ನಾನು ಹೋದಾಗ ಹಳೆಯ ಬಾಗಿಲೊಂದಕ್ಕೆ ಹತ್ತರಿ ಹೊಡೆದು ನುಣುಪು ಮಾಡುತ್ತಿದ್ದ.

"ಏನ್ ವಕೀಲರ, ಯಾರ ಮ್ಯಾಲೆ ಕೇಸು?" ಎಂದ. ಅಪ್ಪ ನನಗಿಟ್ಟ ಹೆಸರು ಅದು.

"ನಿನ್ನ ಮ್ಯಾಲೆ. ನಮ್ಮ ಮಗ್ಗದ ಮೊದಲನೇ ಹಲಗಿ ನೀ ಯಾವಾಗ ಏರಿಸಿದಿ ಕಾಕಾ?"

ಹತ್ತರಿ ನಿಂತಿತು. "ನಿಮ್ಮಪ್ಪ ಮಗ್ಗಕ್ಕ ಕುಂತು ಎರಡನೇ ವರ್ಷ."

ಅಪ್ಪ ಪಿಯುಸಿ ಮುಗಿಸಿ, ಅವನ ಅಪ್ಪ, ನನ್ನ ಮುತ್ತ್ಯಾ, ತೀರಿಕೊಂಡ ಮೇಲೆ ಇಪ್ಪತ್ತನೆಯ ವಯಸ್ಸಿಗೆ ಮಗ್ಗಕ್ಕೆ ಕೂತವನು. ಎರಡೇ ವರ್ಷದಲ್ಲಿ ಮಗ್ಗ ಯಾರ ಬೆನ್ನನ್ನೂ ಬಗ್ಗಿಸುವುದಿಲ್ಲ. ಇದನ್ನು ಹುಸೇನಿ ಕಾಕಾನಿಗೆ ಹೇಳಿದೆ. ನನ್ನ ರೋಗದ ಹೆಸರು ಹೇಳಿದೆ. ಕಣ್ಣಿನದೂ ಹೇಳಿದೆ. ಅವನು ಬಾಗಿಲಿನ ಮೇಲಿನ ಹೊಟ್ಟು ಕೈಯಿಂದ ಸವರಿದ. ಮತ್ತೆ ಸವರಿದ.

"ನಿನಗೂ ಆತೇನವಾ?" ಎಂದ.

'ನಿನಗೂ' ಎಂದ.

"ಕಾಕಾ, ನಿನಗೇನು ಗೊತ್ತು?"

"ನನಗ ಏನೂ ಗೊತ್ತಿಲ್ಲ. ಆ ವರ್ಷ ಮಿರಜದ ದವಾಖಾನಿಗೆ ಇಬ್ಬರೂ ಹೋಗಿದ್ವಿ. ರೈಲಿನ್ಯಾಗ. ಅವ ಒಳಗ ಹೋದ, ನಾ ಹೊರಗ ಬಾಕಿನ ಮ್ಯಾಲೆ ಕುಂತಿದ್ದೆ. ಡಾಕ್ಟರ್ ಏನಂದ್ರು ಅನ್ನೂದು ಅವನ ಹೊಟ್ಯಾಗ ಐತಿ. ಹೊರಗ ಬಂದ, ಚಾ ಕುಡದ್ವಿ. 'ಹುಸೇನಿ, ಹಲಗಿ ಎರಡು ಬೆರಳು ಏರಿಸು. ಯಾರ ಕೇಳಿದ್ರೂ ಮಗ್ಗದಿಂದ ಆಗೈತಿ ಅನ್ನು' ಅಂದ. ಮನ್ಯಾಗ ನಿಮ್ಮ ಅತ್ತ್ಯಾರು ಇಬ್ಬರು ಲಗ್ನದ ವಯಸ್ಸಿಗೆ ಬಂದಿದ್ರು. ಮಗ್ಗದ ಬೆನ್ನು ಅಂದ್ರ ನಮ್ಮ ಓಣ್ಯಾಗ ಯಾರೂ ಏನೂ ಅನ್ನಂಗಿಲ್ಲ. ಎಲುಬಿನ ಜಡ್ಡು ಅಂದ್ರ ಮನಿತನಕ್ಕ ಹತ್ತತೈತಿ." ಹತ್ತರಿ ಮತ್ತೆ ಕೈಗೆತ್ತಿಕೊಂಡು ಹೇಳಿದ, "ನಾ ಅಂದೆ. ಮೂವತ್ತು ವರ್ಷ ಅದನ್ನ ಅಂದೆ. ಅನ್ಕೋತ ಅನ್ಕೋತ ನನಗೂ ಅದ ಖರೆ ಅನ್ನಿಸಿಬಿಟ್ಟಿತ್ತು."

ಮನೆಗೆ ಬಂದು ಟಿವಿಯ ಮೇಲಿನ ಬಟ್ಟಲು ನೋಡಿದೆ. ನಾನೂ ಅಂದಿದ್ದೆನಲ್ಲ, ಮೈಕಿನಲ್ಲಿ.

ಇಷ್ಟಾದ ಮೇಲೂ ನಾನು ಅನುಮಾನ ಬಿಡಲಿಲ್ಲ. ನಸುಕಿನ ಮಗ್ಗದ ಸಪ್ಪಳವನ್ನೇ ಮತ್ತೆ ನೆನಪಿಸಿಕೊಂಡೆ. ಓಣಿ ಕಾಯಕವೆಂದು ಹೊಗಳಿದ್ದು ಅದನ್ನೇ. ಆ ಹೊತ್ತಿನಲ್ಲಿ ಮಲಗಿರಲು ಆಗದ ಮನುಷ್ಯ ಏನು ಮಾಡಬಹುದು? ಹೆಂಡತಿ ಮಗಳು ಮಲಗಿದ್ದಾರೆ, ಅಂಗಳದಲ್ಲಿ ಅಡ್ಡಾಡಿದರೆ ಜನ ಕೇಳುತ್ತಾರೆ. ಮಗ್ಗಕ್ಕೆ ಕೂತರೆ ಕೈಕಾಲು ಆಡುತ್ತವೆ, ಬೆನ್ನು ಸಡಿಲಾಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ಅವನ ಬೆನ್ನನ್ನು ಇಷ್ಟು ವರ್ಷ ಇಷ್ಟಾದರೂ ಆಡಿಸಿದ್ದು ಮಗ್ಗವೇ ಇರಬಹುದು. ಇದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ. ಆದರೆ ಕೇಸು ಹಾಕಿದವರು ಯಾರೂ ಈ ಸಾಧ್ಯತೆಯನ್ನು ಎತ್ತಲಿಲ್ಲ.

ನನ್ನ ಚಿಕಿತ್ಸೆ ಶುರುವಾಯಿತು. ಮೊದಲು ಗುಳಿಗೆ, ಈ ಸಲ ಬಿಡದೆ. ಅದು ಸಾಲದಾದಾಗ ಹದಿನೈದು ದಿನಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್. ಅದಕ್ಕೂ ಮೊದಲು ಟಿಬಿ ಇದೆಯೇ ಎಂದು ಪರೀಕ್ಷೆ, ಯಾಕೆಂದರೆ ಈ ಔಷಧಿ ಮೈಯ ಕಾವಲನ್ನೇ ತಗ್ಗಿಸುತ್ತದೆ. ಕೆಮ್ಮು ಜ್ವರ ಬಂದರೆ ತಡೆಯದೆ ತಿಳಿಸಬೇಕು. ದಿನವೂ ವ್ಯಾಯಾಮ, ತಪ್ಪಿಸುವಂತಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಹಿಮ್ಮಡಿ, ಕುಂಡೆ, ಹೆಗಲು, ತಲೆ ನಾಲ್ಕೂ ಗೋಡೆಗೆ ತಾಗುವ ಹಾಗೆ ನಿಲ್ಲಬೇಕು. ತಲೆ ಗೋಡೆಗೆ ತಾಗುತ್ತಿರುವಷ್ಟು ದಿನ ಲೆಕ್ಕ ನನ್ನ ಪರ.

ಎರಡು ತಿಂಗಳಿಗೆ ಮುಂಜಾನೆಯ ಬಿಗಿತ ಒಂದು ತಾಸಿನಿಂದ ಹತ್ತು ನಿಮಿಷಕ್ಕೆ ಇಳಿಯಿತು. ಬಗ್ಗಿ ಕಸಬರಿಗೆ ಎತ್ತಿಕೊಂಡೆ. ಆಮೇಲೆ ನೆನಪಾಯಿತು, ಯೋಚನೆ ಮಾಡದೆ ಬಗ್ಗಿದ್ದೆ ಎಂದು. ಹಾಗೆಂದು ಗೆದ್ದೆ ಎನ್ನಲಾರೆ. ಔಷಧಿಯೇ, ತಾನಾಗಿ ಇಳಿದದ್ದೇ, ಇಳಿದೀತು ಎಂದು ನಂಬಿದ್ದಕ್ಕೇ, ಎಂದು ಡಾಕ್ಟರಮ್ಮನನ್ನು ಕೇಳಿದೆ. "ರಕ್ತದ ವರದಿಗೆ ನಂಬಿಕಿ ಗೊತ್ತಾಗಂಗಿಲ್ಲ, ಅದೂ ಇಳದೈತಿ" ಎಂದರು. ಒಳ್ಳೆಯ ಉತ್ತರ. ರೋಗ ಹೋಗಿಲ್ಲ, ಕೂತಿದೆ. ಯಾವಾಗ ಏಳುತ್ತದೋ ಗೊತ್ತಿಲ್ಲ. ಅದು ಕೂತಿರುವಷ್ಟು ಹೊತ್ತು ನಾನು ನಿಂತಿರುತ್ತೇನೆ.

ಅಪ್ಪನದೇ ಚಿಂತೆ. ಹುಬ್ಬಳ್ಳಿಗೆ ಬಾ ಎಂದರೆ ಒಂದೇ ಮಾತು. "ಮಗ್ಗದ ಬೆನ್ನಿಗೆ ಡಾಕ್ಟರ್ ಏನ್ ಮಾಡ್ತಾರ?"

"ಬೆನ್ನಿಗಲ್ಲ. ಕಣ್ಣಿಗೆ."

"ಸೀರಿ ನೇಯಾಕ ಒಂದ ಕಣ್ಣು ಸಾಕು ವಕೀಲರ. ಎರಡೂ ಇದ್ದಾವರು ಏನ್ ಭಾರಿ ನೇಯ್ದಾರ?"

ಅವ್ವ ನಕ್ಕಳು. ನಾನು ನಗಲಿಲ್ಲ. ಹುಸೇನಿ ಕಾಕಾ ಹೇಳಿದ್ದನ್ನು ಅವ್ವನ ಮುಂದೆ ಬಾಯಿ ಬಿಡಲೂ ಇಲ್ಲ. ಅವಳಿಗೆ ಮದುವೆಯ ಹೊತ್ತಿನಲ್ಲಿ ಏನು ಹೇಳಿದ್ದರು ಎಂಬುದು ನಾನು ತೆಗೆಯಬೇಕಾದ ಮಾತಲ್ಲ.

ಹೋದ ವಾರ ಅಪ್ಪನ ಬಲಗಣ್ಣು ಕೆಂಪಾಯಿತು.

ಉಳಿದದ್ದು ಅದೊಂದೇ. ಅವತ್ತು ಮಧ್ಯಾಹ್ನವೇ ಗದಗಿನ ಅದೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಕೈ ಹಿಡಿದು, ಮಾತಿಗೆ ಅವಕಾಶ ಕೊಡದೆ. ತಾಸಿಗೊಮ್ಮೆ ಹಾಕುವ ಹನಿ ಕೊಟ್ಟರು. ಬೇಗ ಬಂದಿದ್ದೀರಿ, ಉಳಿಯುತ್ತದೆ ಎಂದರು. ಈ ಎರಡು ಮಾತಿಗಾಗಿ ಆ ಡಾಕ್ಟರಿಗೆ ನಾನು ಋಣಿ. ಅನುಮಾನಿಸುವವಳಿಗೂ ಅಷ್ಟು ಹೇಳುವ ಹಕ್ಕಿದೆ. ನಾಲ್ಕನೆಯ ದಿನಕ್ಕೆ ಕೆಂಪು ಇಳಿಯಿತು. ಅಪ್ಪ ಹನಿ ಹಾಕಿಸಿಕೊಳ್ಳಲು ತಲೆ ಹಿಂದಕ್ಕೆ ಬಾಗಿಸಲಾರ. ಚಾಪೆಯ ಮೇಲೆ ಮಲಗಿಸಿ, ತಲೆಯ ಕೆಳಗೆ ಎರಡು ದಿಂಬು ಇಟ್ಟು ನಾನೇ ಹಾಕಿದೆ. ಹನಿ ಬೀಳುವಾಗ ಪ್ರತಿ ಸಲ, "ಆತೇನು?" ಎಂದು ಕೇಳುತ್ತಿದ್ದ.

ಇವತ್ತು ಮುಂಜಾನೆ ನಾನು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಅಪ್ಪ ಬಾಗಿಲಲ್ಲಿ ಬಂದು ನಿಂತ, ಕೈಯಲ್ಲಿ ಕಪ್ಪು-ಬಸಿ. ಅದೇ ಬಾಗಿಲು. ಚಹಾ ಕುಡಿದು ಮುಗಿಸಿದ, ಬಸಿಯನ್ನು ಕಿಟಕಿಯಲ್ಲಿಟ್ಟ. ಆಮೇಲೆ ನನ್ನ ಪಕ್ಕಕ್ಕೆ ಬಂದು ತಾನೂ ಗೋಡೆಗೆ ಬೆನ್ನು ಹಚ್ಚಿದ. ಹಿಮ್ಮಡಿ ತಾಗಿತು. ಕುಂಡೆ ತಾಗಿತು. ಹೆಗಲು ತಾಗಲಿಲ್ಲ. ತಲೆಗೂ ಗೋಡೆಗೂ ನಡುವೆ ಕೈ ಇಟ್ಟು ಅಳೆದೆ. ಒಂದು ಗೇಣು, ಅದರ ಮೇಲೆ ಮೂರು ಬೆರಳು.

"ಎಷ್ಟಾತು?"

"ಹೇಳಂಗಿಲ್ಲ."

"ಹಂಗಾದ್ರ ಭಾಳ ಐತಿ" ಎಂದ. ನೆಲ ನೋಡುತ್ತ ನಿಂತೇ ಇದ್ದ. "ಸೋಮವಾರ ಬರ್ತೀನಿ, ನಡಿ. ಹುಬ್ಬಳ್ಳಿಗೆ."

ನಾನು ಬೇಡಿದ್ದು ಸಿಕ್ಕಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎರಡು ವರ್ಷದ ಹಿಂದಿನ ಆ ಮುಂಜಾನೆ ನನ್ನನ್ನು ಬಿಡುತ್ತಿಲ್ಲ. ಎಲುಬಿನ ಡಾಕ್ಟರು ರೆಸ್ಟ್ ಎಂದರು. ಎಣ್ಣೆ ಅಜ್ಜ ಮಲಗು ಎಂದ. ಅವ್ವ ಮೊಬೈಲ್ ಬಿಡು ಎಂದಳು. ಈ ಎಲ್ಲರಿಗಿಂತ ಮೊದಲು, ನಾನು ಬಾಯಿ ಬಿಟ್ಟು ಏನೂ ಹೇಳುವ ಮೊದಲೇ, ಅಡ್ಡಾಡು ಎಂದವನು ಒಬ್ಬನೇ. ಅದು ಸ್ವಂತ ಬೆನ್ನು ಕಲಿಸಿದ್ದಿರಬಹುದು. ಮಿರಜದ ಆ ಕೋಣೆಯಲ್ಲಿ ಕೇಳಿಸಿಕೊಂಡದ್ದೂ ಇರಬಹುದು. ಮೊದಲನೆಯದಾದರೆ ನಾನು ಅವನ ಜೊತೆ ಅಳಬಹುದು. ಎರಡನೆಯದಾದರೆ, ಗೊತ್ತಿದ್ದೂ ಹೇಳದವನು ಅವನು, ನೋವಿನಲ್ಲಿ ಹೋದ ನನ್ನ ಮುಂಜಾನೆಗಳ ಲೆಕ್ಕ ಯಾರ ಹತ್ತಿರ ಕೇಳಲಿ?

ಗೋಡೆಗೆ ಬೆನ್ನು ಹಚ್ಚಿಕೊಂಡೇ ಕೇಳಿದೆ. ಅವನ ಕುತ್ತಿಗೆ ನನ್ನ ಕಡೆ ತಿರುಗುವುದಿಲ್ಲ, ನಾನೂ ತಿರುಗಲಿಲ್ಲ.

"ಅಪ್ಪಾ, ಅವತ್ತು ಬಾಗಲದಾಗ ನಿಂತು ನನ್ನ ನೋಡಿದೆಲ್ಲ, ಚಾ ಕುಡಿಯೂದು ಬಿಟ್ಟು. ಆಗ ನಿನಗ ಏನ್ ಕಂಡಿತ್ತು?"